ಬೆನ್ನುಮೂಳೆ ಆಪರೇಷನ್‌ಗೆ ಸೆಲ್ ಸೇವರ್ ಎಲೀಟ್: ಎಲ್ಲಿ ಬೇಕು, ಎಲ್ಲಿ ಬೇಡ

ಸೆಲ್ ಸೇವರ್ ಎಲೀಟ್ ಎಂದರೆ ಆಪರೇಷನ್‌ನಲ್ಲಿ ಸುರಿದ ರಕ್ತವನ್ನು ಎಳೆದು, ತೊಳೆದು, ಅದೇ ರೋಗಿಗೆ ಮರಳಿ ಕೊಡಲು ಬಳಸುವ ಯಂತ್ರ. ಸ್ಕೋಲಿಯೋಸಿಸ್ (ಬೆನ್ನುಮೂಳೆಯ ಪಕ್ಕದ ಡೊಂಕು) ತಿದ್ದುವಂಥ ದೊಡ್ಡ ಆಪರೇಷನ್‌ಗಳಲ್ಲಿ ಹೀಮೊನೆಟಿಕ್ಸ್ ಕಂಪನಿಯ ಈ ಯಂತ್ರ ಹಾಕಿದ ದುಡ್ಡಿಗೆ ಮೋಸ ಮಾಡುವುದಿಲ್ಲ. ಒಂದೇ ಡಿಸ್ಕ್ ತೆಗೆಯುವ ಕೇಸಿಗೆ ಇದು ಬೇಡ. ಒಮ್ಮೆ ಮಾತ್ರ ಬಳಸುವ ಸೆಟ್ಟಿನ ಖರ್ಚು ದಂಡ. ಅನುಮಾನವಿದ್ದಲ್ಲಿ ಮೊದಲು ರಕ್ತ ಎಳೆಯುವ ಸಕ್ಷನ್ ಟ್ಯೂಬು, ಅದು ಕೂಡುವ ರಿಸರ್ವಾಯರ್ ಅಷ್ಟೇ ಜೋಡಿಸಿ. ಸಾಕಷ್ಟು ರಕ್ತ ಕೂಡಿದ ಮೇಲೆ ಅದನ್ನು ತೊಳೆಯುವ ಬೌಲ್ ಸೆಟ್ಟಿನ ಪ್ಯಾಕೆಟ್ ಬಿಚ್ಚಿದರಾಯಿತು.

ಒಂದು ಲೀಟರ್ ನಾರ್ಮಲ್ ಸಲೈನ್‌ಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ 30,000 ಯೂನಿಟ್ ಬೆರೆಸಿ, ರಕ್ತ ಎಳೆಯುವ ಮೊದಲೇ 100ರಿಂದ 200 ಮಿ.ಲೀ. ಹರಿಸಿ ಫಿಲ್ಟರ್ ತೋಯಿಸಬೇಕು. ಮರೆತರೆ ಮೊದಲು ಬಂದ ರಕ್ತವೇ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಬೌಲ್ ಗಿರ್ರನೆ ತಿರುಗಿ ಕೆಂಪುಕಣಗಳನ್ನು ಹೊರಗೋಡೆಗೆ ಒತ್ತಿಹಿಡಿಯುತ್ತದೆ. ಅಲ್ಲೇ ಸಲೈನಿನಲ್ಲಿ ತೊಳೆದು ಚೀಲಕ್ಕೆ ಕಳಿಸುತ್ತದೆ. ಇದರ ನಿಜವಾದ ಕೊರತೆ ಇರುವುದು ಇಲ್ಲೇ: ಬೌಲ್ ತುಂಬಬೇಕು. ಅರೆತುಂಬಿದ ಬೌಲಿನಿಂದ ಬರುವ ರಕ್ತ ತೆಳು, ತೊಳೆತವೂ ಅರೆಬರೆ. ಹಾಗಾಗಿ ಮಕ್ಕಳ ಕೇಸಿಗೆ 225 ಮಿ.ಲೀ. ಬಿಟ್ಟು 70 ಅಥವಾ 125ರ ಬೌಲ್ ಹಾಕಿ.

ಆದರೆ ಹೆಚ್ಚು ಕಣಗಳು ಹಾಳಾಗುವುದು ಯಂತ್ರದೊಳಗಲ್ಲ, ಸಕ್ಷನ್ ತುದಿಯಲ್ಲಿ. ಬೆನ್ನುಮೂಳೆಯ ರಕ್ತ ಚಿಮ್ಮುವುದು ಕಡಿಮೆ, ಎಲುಬಿನ ಮೈಯಿಂದ ಜಿನುಗುವುದೇ ಹೆಚ್ಚು. ಅದನ್ನು ಮೇಲಿಂದ ಮೇಲೆ ಸವರಿ ಎಳೆದರೆ ಗಾಳಿಯೂ ಸೇರಿ ಕಣಗಳು ಒಡೆಯುತ್ತವೆ. ತುದಿ ರಕ್ತದಲ್ಲಿ ಮುಳುಗಿರಲಿ, ಎಳೆತ 150 ಮಿ.ಮೀ. ಪಾದರಸ ಮೀರದಿರಲಿ. ರಕ್ತ ಒರೆಸಿ ನೆಂದ ಮಾಪ್ ಬಟ್ಟೆಗಳನ್ನು ಎಸೆಯಬೇಡಿ. ಸಲೈನಿನಲ್ಲಿ ನೆನೆಸಿ ಮೆಲ್ಲಗೆ ಹಿಂಡಿದರೆ ಒಳ್ಳೆಯ ಪಾಲು ಮರಳಿ ಸಿಗುತ್ತದೆ. ಪೊವಿಡೋನ್ ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್, ಎಲುಬಿನ ಸಿಮೆಂಟು, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಇವಕ್ಕೆ ಬೇರೆ ಸಕ್ಷನ್ ಇಡಲೇಬೇಕು. ಕೀವಿದ್ದಲ್ಲಿ ಇದನ್ನು ಬಳಸಬೇಡಿ. ಗಡ್ಡೆಯ ಕೇಸಿನಲ್ಲಿ ಮೊದಲೇ ಕೂತು ಚರ್ಚಿಸಿ ತೀರ್ಮಾನಿಸಿ.

ತೊಳೆದ ರಕ್ತವನ್ನು ಕೋಣೆಯ ಉಷ್ಣತೆಯಲ್ಲಿ ಇಟ್ಟಿದ್ದರೆ ನಾಲ್ಕು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಚೀಲದಲ್ಲಿ ಗಾಳಿ ಉಳಿದಿರುತ್ತದೆ. ರಕ್ತ ಬೇಗ ಹರಿಯಲೆಂದು ಚೀಲವನ್ನು ಒತ್ತುವ ಪ್ರೆಷರ್ ಬ್ಯಾಗ್ ಸುತ್ತಿದರೆ ಆ ಗಾಳಿ ನೇರ ರಕ್ತನಾಳಕ್ಕೆ ಹೋಗುವ ಅಪಾಯವಿದೆ. ಪ್ಲೇಟ್‌ಲೆಟ್, ಹೆಪ್ಪುಗಟ್ಟಿಸುವ ಅಂಶಗಳು ತೊಳೆತದಲ್ಲೇ ಹೋಗಿರುತ್ತವೆ. ಸ್ರಾವ ವಿಪರೀತವಾದರೆ ದಾನಿಗಳ ಪ್ಲಾಸ್ಮಾ ತರಿಸಲೇಬೇಕು.

ಯಂತ್ರವಿದೆಯೆಂದು ಉಳಿದದ್ದನ್ನು ಬಿಡುವುದು ತಪ್ಪು. ಚರ್ಮ ಕೊಯ್ಯುವ ಮೊದಲೇ ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್ ಹೋಗಿರಲಿ. ಬೋರಲು ಮಲಗಿಸಿದಾಗ ಹೊಟ್ಟೆ ಒತ್ತದೆ ತೂಗಾಡುವಂತಿರಬೇಕು. ಒತ್ತಿದರೆ ಕವಾಟವಿಲ್ಲದ ಬೆನ್ನುಮೂಳೆಯ ಅಭಿಧಮನಿಗಳು ಉಬ್ಬಿ ಸ್ರಾವ ಏರುತ್ತದೆ. ಕಬ್ಬಿಣದ ಕೊರತೆಯನ್ನಂತೂ ವಾರಗಳ ಮುಂಚೆಯೇ ಹಿಡಿದು ಸರಿಪಡಿಸಬೇಕು.

ಕೊಳ್ಳುವ ಮುನ್ನ ಎರಡು ವಿಷಯ ಖಚಿತಪಡಿಸಿಕೊಳ್ಳಿ: ಸಣ್ಣ ಬೌಲ್ ತಪ್ಪದೆ ಸಿಗುತ್ತದೆಯೇ, ರಾತ್ರಿ ಪಾಳಿಯ ಟೆಕ್ನಿಷಿಯನ್‌ಗೂ ತರಬೇತಿ ಕೊಡುತ್ತಾರೆಯೇ.