ರಾಯಚೂರಿನ ಬಿಸಿಲಿಗೆ, ಎರೆ ಮಣ್ಣಿಗೆ ಮೈಕ್ರೋಬಿಟ್ ಒಗ್ಗುತ್ತದೆಯೇ?

ನಾಲ್ಕು-ಐದನೇ ತರಗತಿಯ ಮಕ್ಕಳಿಗೆ ಕೋಡಿಂಗ್ ಕಲಿಸಲು ಮೈಕ್ರೋಬಿಟ್ ಎಂಬ ಪುಟ್ಟ ಕಂಪ್ಯೂಟರಿನ ಎರಡನೇ ಆವೃತ್ತಿ ನಿಜಕ್ಕೂ ಒಳ್ಳೆಯ ಬೋರ್ಡು. 25 ಎಲ್‌ಇಡಿ, ಎರಡು ಬಟನ್, ಮೈಕು, ಸ್ಪೀಕರ್ ಎಲ್ಲ ಅದರಲ್ಲೇ ಇವೆ. ಎರಡು ಎಎಎ ಸೆಲ್ ಹಾಕಿದರೆ ಕರೆಂಟ್ ಹೋದರೂ ಬೋರ್ಡು ನಡೆಯುತ್ತದೆ. ನೆಟ್‌ವರ್ಕ್ ಸಿಗದ ಊರಿನವರು ಕೋಡ್ ಬರೆಯುವ ಮೇಕ್‌ಕೋಡ್ ಆಫ್‌ಲೈನ್ ಆ್ಯಪನ್ನು ಲ್ಯಾಪ್‌ಟಾಪಿಗೆ ಮೊದಲೇ ಹಾಕಿಟ್ಟುಕೊಳ್ಳಿ.

ಈ ಬೋರ್ಡಿನ ನಿಜವಾದ ಬೆಲೆ ಗೊತ್ತಾಗುವುದು ಮಣ್ಣಿನ ತೇವ ಅಳೆಯುವಾಗ. ಕುಂಡದ ಎರೆ ಮಣ್ಣಿಗೆ ಎರಡು ಮೊಳೆ ಚುಚ್ಚಿ, ಒಂದನ್ನು ಬೋರ್ಡಿನ ಅಂಚಿನಲ್ಲಿರುವ ಪಿನ್ 0ಗೆ, ಇನ್ನೊಂದನ್ನು ಪಿನ್ 1ಕ್ಕೆ ಕ್ಲಿಪ್ಪಿನಿಂದ ಜೋಡಿಸಿ. ಪಿನ್ 1ಕ್ಕೆ ಕರೆಂಟ್ ಕೊಟ್ಟು, ಪಿನ್ 0ಯಲ್ಲಿ ಬಂದ ಅಂಕಿ ಓದಿ, ಕೂಡಲೇ ಆಫ್ ಮಾಡಿ. ಅಂಕಿ 0ಯಿಂದ 1023ರೊಳಗೆ ಇರುತ್ತದೆ; ತೇವ ಹೆಚ್ಚಿದಷ್ಟೂ ಏರುತ್ತದೆ. ಮೊಳೆಯನ್ನು 3 ವೋಲ್ಟ್ ಪಿನ್ನಿಗೇ ಸದಾ ಕಟ್ಟಿಟ್ಟರೆ ಬೇಗ ತುಕ್ಕು ಹಿಡಿದು ಲೆಕ್ಕ ಕೆಡುತ್ತದೆ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಮೊಳೆ ಸಡಿಲಾಗಿ ಅಂಕಿ ದಿಢೀರನೆ ಕುಸಿಯುತ್ತದೆ, ಒತ್ತಿ ಕೂರಿಸಿ. ಸಿಂಧನೂರು ಕಡೆಯ ಸವಳು ಮಣ್ಣು ತಂದರೆ ಉಪ್ಪಿನಿಂದಾಗಿ ಇದ್ದುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಎರಡೂ ಮಣ್ಣನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅದೇ ಒಂದು ಸೊಗಸಾದ ಪಾಠ!

ಬೋರ್ಡು ತೋರಿಸುವ ಉಷ್ಣಾಂಶದ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ಬೋರ್ಡಿನ ಮೇಲಿರುವ ಎಲೆಕ್ಟ್ರಾನಿಕ್ ಚಿಪ್ಪಿನ ಬಿಸಿ, ಗಾಳಿಯದಲ್ಲ. ಥರ್ಮಾಮೀಟರ್ ಪಕ್ಕದಲ್ಲಿಟ್ಟು ವ್ಯತ್ಯಾಸ ಕಳೆಯಿರಿ. ಕಂಪ್ಯೂಟರಿನಲ್ಲಿ ಬೋರ್ಡಿನ ಡ್ರೈವ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ: ಚಾರ್ಜಿಂಗಿಗಷ್ಟೇ ಮಾಡಿದ ಕೇಬಲ್ಲಿನಲ್ಲಿ ಡೇಟಾ ಹೋಗುವುದಿಲ್ಲ.