ಹೆರೆದ ವೆಬ್ಲಿಗೆ ಅಂಗಡಿಯ .45 ಎಸಿಪಿ ಹಾಕಬೇಡಿ

ಹಳೇ ವೆಬ್ಲಿ ರಿವಾಲ್ವರ್ ಇಟ್ಟುಕೊಂಡವರು, ಒಂದು ಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ .45 ಎಸಿಪಿ ಅನ್ನುವ ಪಿಸ್ತೂಲಿನ ತೋಟೆ ಹಾಕಿ ಹೊಡೆದಾಗ ನನ್ನ ಕೈಯಲ್ಲೇ ಒಂದು ಸಿಡಿಯಿತು. ಹೆಬ್ಬೆರಳ ಬುಡಕ್ಕೆ ನಾಲ್ಕು ಹೊಲಿಗೆ ಬಿತ್ತು. ಕನ್ನಡಕ ಹಾಕಿರದಿದ್ದರೆ ಕಣ್ಣೇ ಹೋಗುತ್ತಿತ್ತು.

ನಾನು ಮಲೆನಾಡಿನವನು, ಈಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಮನೆಯಲ್ಲಿ ತಾತನ ಕಾಲದಿಂದ ಜೋಡುನಳಿಗೆ ಕೋವಿ ಇತ್ತು. ಹಾಗಾಗಿ ಹಳೇ ಕೋವಿ ಕಂಡರೆ ಸುಮ್ನೆ ದಾಟಿ ಹೋಗಲು ಮನಸ್ಸು ಬರುವುದಿಲ್ಲ. ಒಂದು ಗನ್ ಶೋನಲ್ಲಿ ವೆಬ್ಲಿ ಮಾರ್ಕ್ 6 ಕಣ್ಣಿಗೆ ಬಿತ್ತು. 1915ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ರಿವಾಲ್ವರ್ ಅದು. ನಡು ಮುರಿದಂತೆ ತೆರೆದುಕೊಳ್ಳುತ್ತದೆ, ತೆರೆದ ತಕ್ಷಣ ಖಾಲಿ ತೋಟೆಗಳು ತಾವೇ ಮೇಲೆ ಬರುತ್ತವೆ. ಮಾರುವವನು ಒಂದು ಚೀಲದಲ್ಲಿ ಅರ್ಧಚಂದ್ರದ ಆಕಾರದ ತಗಡಿನ ಕ್ಲಿಪ್‌ಗಳನ್ನೂ ಕೊಟ್ಟ. "ಇದು .45 ಎಸಿಪಿಗೆ ಬದಲಾಯಿಸಿದ್ದು, ಯಾವ ಅಂಗಡಿಯ ತೋಟೆ ಬೇಕಾದರೂ ಹಾಕಿ" ಅಂದ. ನಾನು ನಂಬಿದೆ.

ಈ ಬದಲಾವಣೆ ಅಂದರೆ ಏನು ಅಂತ ಮೊದಲು ಹೇಳುತ್ತೇನೆ. ಮಾರ್ಕ್ 6ರ ಸ್ವಂತ ತೋಟೆ .455 ವೆಬ್ಲಿ. ಅದರ ಹಿಂದೆ ಹೊರಚಾಚಿದ ಅಂಚು ಇರುತ್ತದೆ, ಆ ಅಂಚು ಸಿಲಿಂಡರ್‌ಗೆ (ತೋಟೆಗಳು ಕೂರುವ, ತಿರುಗುವ ಭಾಗಕ್ಕೆ) ಆತುಕೊಂಡು ನಿಲ್ಲುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ರಿವಾಲ್ವರ್‌ಗಳು ಅಮೆರಿಕಕ್ಕೆ ರಾಶಿ ರಾಶಿ ಬಂದವು. ಇಲ್ಲಿ .455 ಸಿಗುವುದು ಕಷ್ಟ. ಆದರೆ .45 ಎಸಿಪಿ 1911ರಿಂದ ಇಲ್ಲಿನ ಸೈನ್ಯದ್ದೇ ತೋಟೆ, ಎಲ್ಲ ಕಡೆ ಅಗ್ಗಕ್ಕೆ ಸಿಗುತ್ತಿತ್ತು. ಅದು ಪಿಸ್ತೂಲಿನದು, ಅದಕ್ಕೆ ಹೊರಚಾಚಿದ ಅಂಚಿಲ್ಲ. ಅದಕ್ಕಾಗಿ ವ್ಯಾಪಾರಿಗಳು ಸಿಲಿಂಡರಿನ ಹಿಂಬದಿಯನ್ನು ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಹೆರೆದುಬಿಟ್ಟರು. ಆ ಜಾಗದಲ್ಲಿ ಕ್ಲಿಪ್ ಕೂರುತ್ತದೆ, ಒಂದೊಂದು ಕ್ಲಿಪ್ ಮೂರು ತೋಟೆ ಹಿಡಿಯುತ್ತದೆ. ಅಳತೆ ಸರಿಹೋಯಿತು. ಉಕ್ಕು ಮಾತ್ರ ಹಳೇ ಉಕ್ಕೇ.

.455 ತೋಟೆ ಬಹಳ ಸೌಮ್ಯ. 265 ಗ್ರೇನ್ (ಸುಮಾರು 17 ಗ್ರಾಂ) ತೂಕದ ಮೆತ್ತನೆಯ ಸೀಸದ ಗುಂಡು ಸೆಕೆಂಡಿಗೆ ಸುಮಾರು 600 ಅಡಿ ವೇಗದಲ್ಲಿ ಹೋಗುತ್ತದೆ. ಒಳಗಿನ ಒತ್ತಡದ ಮಿತಿ ಚದರ ಇಂಚಿಗೆ ಸುಮಾರು 13,000 ಪೌಂಡ್. .45 ಎಸಿಪಿಯ ಮಿತಿ 21,000. ಅದರ ಗುಂಡು 230 ಗ್ರೇನ್, ವೇಗ 830 ಅಡಿಯ ಆಸುಪಾಸು. ಸಾಲದ್ದಕ್ಕೆ ಮೇಲೆ ತಾಮ್ರದ ಹೊದಿಕೆ. ಸೀಸದ ಹಾಗೆ ಅದು ನಳಿಗೆಗೆ ಬಗ್ಗುವುದಿಲ್ಲ. ಅಂದರೆ ಅಂಗಡಿಯ ಮಾಮೂಲಿ ತೋಟೆ ಹಾಕಿದಾಗ ಪ್ರತಿ ಈಡಿಗೂ ಈ ರಿವಾಲ್ವರ್ ತನ್ನ ಮಿತಿ ಮೀರಿದ ಏಟು ತಿನ್ನುತ್ತದೆ. ಇದನ್ನೆಲ್ಲ ನಾನು ಓದಿದ್ದು ಕೈ ಹೊಲಿಸಿಕೊಂಡು ಬಂದ ರಾತ್ರಿ.

ಮೊದಲ ದಿನ 24 ಈಡು ಹೊಡೆದೆ. ಗುರಿ ಚೆನ್ನಾಗಿಯೇ ಬಿತ್ತು, ಖುಷಿಯಾಯಿತು. ಆದರೆ ತೆರೆದಾಗ ಖಾಲಿ ತೋಟೆಗಳು ಮೇಲೆ ಬರಲಿಲ್ಲ. ಮುಂದಿನಿಂದ ಪೆನ್ಸಿಲ್ ಹಾಕಿ ತಳ್ಳಬೇಕಾಯಿತು. ಒತ್ತಡ ಜಾಸ್ತಿಯಾದಾಗ ಹಿತ್ತಾಳೆ ಉಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ಅದು ಹೀಗೆಯೇ ಕಾಣುತ್ತದೆ. ನಾನು ಜಿಡ್ಡು ಇರಬೇಕು ಅಂದುಕೊಂಡು ಎಣ್ಣೆ ಹಾಕಿ ಒರೆಸಿದೆ. ನಳಿಗೆ ಮತ್ತು ಹಿಡಿಯನ್ನು ಸೇರಿಸುವ ಕೊಂಡಿ ಸ್ವಲ್ಪ ಅಲುಗಾಡುತ್ತಿತ್ತು. ಅದನ್ನು ಹಳೇ ವಸ್ತು ಅಂತ ಬಿಟ್ಟೆ. ಅಲ್ಲೇ ನಿಲ್ಲಿಸಬೇಕಿತ್ತು.

ಎರಡನೇ ಸಲ ಹೋದಾಗ ಜೊತೆಗೆ ಹಾಸನದ ಗೆಳೆಯನೊಬ್ಬ ಇದ್ದ. (ಅವನು ಎಚ್1ಬಿ ವೀಸಾದವನು, ಹಂಟಿಂಗ್ ಲೈಸನ್ಸ್ ಮಾಡಿಸಿಕೊಂಡಿದ್ದಾನೆ. ಅಂಥ ವೀಸಾದವರು ಲೈಸನ್ಸ್ ಥರದ ವಿನಾಯಿತಿ ಏನೂ ಇಲ್ಲದೆ ಕೋವಿ ಮುಟ್ಟಿದರೆ ಇಲ್ಲಿ ದೊಡ್ಡ ಅಪರಾಧ, ಅದನ್ನೂ ನೆನಪಿಡಿ.) ಇಪ್ಪತ್ತನೇ ಈಡೋ ಏನೋ. ಸದ್ದೇ ಬೇರೆ ಥರ ಬಂತು, ಹಿಡಿ ಅಂಗೈಗೆ ಸುತ್ತಿಗೆಯಂತೆ ಹೊಡೆಯಿತು. ಆಮೇಲೆ ಮಸಿ ವಾಸನೆ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. "ಏನಾಯ್ತಣ್ಣ? ಕೈ ತೋರಿಸು, ಕೈ ತೋರಿಸು" ಅಂತ ಅವನು ಕೂಗುತ್ತಿದ್ದ. ಸಿಲಿಂಡರಿನಲ್ಲಿ ಮೂರು ಚೇಂಬರ್‌ಗಳ (ತೋಟೆ ಕೂರುವ ಗೂಡುಗಳ) ಹೊರಗೋಡೆ ಇರಲೇ ಇಲ್ಲ. ಸಿಲಿಂಡರಿನ ಮೇಲಿನ ಪಟ್ಟಿ ಕಮಾನಿನಂತೆ ಬಾಗಿತ್ತು. ಹೆಬ್ಬೆಟ್ಟಿನಷ್ಟಗಲದ ಉಕ್ಕಿನ ಚೂರೊಂದು ನಮ್ಮಿಬ್ಬರ ನಡುವಿನ ಮರದ ಅಡ್ಡಗೋಡೆಯಲ್ಲಿ ನೆಟ್ಟುಕೊಂಡಿತ್ತು, ಅವನ ಎದೆಯ ಮಟ್ಟಕ್ಕೆ. ಅದು ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಆ ಚೂರನ್ನು ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಒಡೆದ ಅಂಚನ್ನು ತೋರಿಸಿದರು. ಅರ್ಧ ಭಾಗ ಬೆಳ್ಳಗೆ ಹೊಳೆಯುತ್ತಿತ್ತು, ಅದು ಅವತ್ತು ಒಡೆದದ್ದು. ಉಳಿದರ್ಧ ಕಪ್ಪಗಿತ್ತು, ಹೊಗೆ, ಎಣ್ಣೆ ಕುಡಿದು ಕಪ್ಪಾದದ್ದು. ಅಂದರೆ ನಾನು ಕೊಳ್ಳುವ ಮೊದಲೇ ಬಿರುಕು ಇತ್ತು. ಯಾರೋ ಮೊದಲಿನ ಮಾಲೀಕರು ಇದೇ ತೋಟೆ ಹಾಕಿ ಹಾಕಿ ಸುಸ್ತು ಮಾಡಿದ್ದರು. ನೂರು ಈಡು ಹಾರಿಸಿದೆ, ಏನೂ ಆಗಲಿಲ್ಲ ಅನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ. ನೂರು ಈಡು ತಡೆದುಕೊಂಡ ಉಕ್ಕಿನ ಒಳಗೆ ಏನಾಗಿದೆ ಅಂತ ಅವರಿಗೆ ಕಾಣುವುದಿಲ್ಲ.

ನಿಮ್ಮದು ಹೆರೆದದ್ದೋ ಅಲ್ಲವೋ ಅಂತ ನೋಡುವುದು ಸುಲಭ. ಮೊದಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಮುಚ್ಚಿ ಬೆಳಕಿಗೆ ಹಿಡಿಯಿರಿ. ಸಿಲಿಂಡರಿನ ಹಿಂಬದಿಗೂ ಚೌಕಟ್ಟಿಗೂ ನಡುವೆ ಅಗಲವಾದ ಸಂದು ಕಂಡರೆ ಅನುಮಾನ ಬೇಡ. ಹಿಂಬದಿಯಲ್ಲಿ ಲೇತ್‌ನ ಗೆರೆಗಳು ಕಾಣಬಹುದು, ಅಲ್ಲಿದ್ದ ಮುದ್ರೆಗಳು ಅರ್ಧ ಅಳಿಸಿರಬಹುದು. ನನ್ನದರ ಮೇಲೆ .45 ಅಂತ ಎಲ್ಲೂ ಕೊರೆದಿರಲಿಲ್ಲ. ಊರಿಗೆ ಫೋನ್ ಮಾಡಿದಾಗ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆಯೂ ಅದೇ: "ಕೋವಿ ಮೇಲೆ ಏನು ಬರೆದಿತ್ತೋ, ತೋಟೆ ಮೇಲೆ ಏನು ಬರೆದಿತ್ತೋ ಮಗಾ?"

ಹೆರೆದದ್ದನ್ನು ಹೊಡೆಯಲೇಬಾರದು ಅಂತಲ್ಲ. ಬಿರುಕು ಇದೆಯಾ, ಕೊಂಡಿ ಬಿಗಿ ಇದೆಯಾ, ಸಿಲಿಂಡರ್ ನಳಿಗೆಗೆ ನೇರ ನಿಲ್ಲುತ್ತದಾ ಅಂತ ಬಲ್ಲವರಿಂದ ನೋಡಿಸಿ. ಆಮೇಲೆ ಮೆತ್ತನೆಯ ಸೀಸದ ಗುಂಡು, .455ರಷ್ಟೇ ಒತ್ತಡ. ಅದನ್ನು .45 ಆಟೋ ರಿಮ್ (ಎಸಿಪಿಗೇ ಅಂಚು ಕೊಟ್ಟಂಥ ತೋಟೆ) ಕೋಶದಲ್ಲಿ ಕೈಯಾರೆ ತುಂಬಿಕೊಳ್ಳುವವರಿದ್ದಾರೆ, ಅದರ ದಪ್ಪ ಅಂಚಿಗೆ ಕ್ಲಿಪ್ಪೇ ಬೇಕಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಆಟೋ ರಿಮ್ ಕೂಡ ಎಸಿಪಿಯಷ್ಟೇ ಬಲವಾಗಿರಬಹುದು, ಹೆಸರು ನೋಡಿ ಮೋಸ ಹೋಗಬೇಡಿ. ಅನುಭವ ಇಲ್ಲದಿದ್ದರೆ ಗೋಡೆಗೆ ಹಾಕಿ, ನೋಡಿ ಖುಷಿಪಡಿ.

ಮೂರು ತಿಂಗಳ ಮೇಲೆ ಅದೇ ಶೋಗೆ ಹೋಗಿ ಒಡೆದ ಸಿಲಿಂಡರನ್ನು ಆ ಮಾರಾಟಗಾರನ ಮೇಜಿನ ಮೇಲಿಟ್ಟೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಹೆರೆದದ್ದು ಇನ್ನೂ ಎರಡು ಇದ್ದವು, ಒಂದನ್ನು ವಾಪಸ್ ಇಟ್ಟುಕೊಳ್ಳುತ್ತೇನೆ ಅಂದ. ಇನ್ನೊಂದು ಆಗಲೇ ಮಾರಾಟವಾಗಿತ್ತು, ಕ್ಲಿಪ್ಪಿನ ಚೀಲದ ಸಮೇತ.