ಏಳೂವರೆ ಅಂದರೆ ಏಳೂವರೆ: ರಂಗಶಂಕರದಲ್ಲಿ ಒಂದು ಸಂಜೆ

ಸಂಜೆ ಏಳೂವರೆಗೆ ಕಾರ್ಯಕ್ರಮ ಎಂದು ಕರೆಯೋಲೆಯಲ್ಲಿ ಅಚ್ಚಾಗಿದ್ದರೆ ಎಂಟಕ್ಕೆ ದೀಪ ಹಚ್ಚುತ್ತಾರೆ, ಎಂಟೂಕಾಲಿಗೆ ಸ್ವಾಗತ ಭಾಷಣ, ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಬೆಂಗಳೂರಿನ ಪ್ರೇಕ್ಷಕರಿಗೆ ಈ ಲೆಕ್ಕ ರಕ್ತದಲ್ಲೇ ಇದೆ. ಅದೇ ಲೆಕ್ಕ ಹಿಡಿದು ಜೆ.ಪಿ. ನಗರ ಎರಡನೇ ಹಂತದ ರಂಗಶಂಕರಕ್ಕೆ ನಾಟಕ ನೋಡಲು ಹೋದವರು ಟಿಕೆಟ್ ಕೈಯಲ್ಲೇ ಹಿಡಿದು ಹೊರಗೆ ನಿಲ್ಲಬೇಕಾಗುತ್ತದೆ. ಇಲ್ಲಿ ಭಾಷಣ ಇಲ್ಲ, ಶಾಲು ಇಲ್ಲ. 7.30ಕ್ಕೆ ಬಾಗಿಲು ಮುಚ್ಚಿದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಎನ್ನುವುದು ಊರಿಗೆಲ್ಲ ಒಪ್ಪಿಗೆಯಾಗುವ ಕಾರಣವಾದರೂ ಈ ಬಾಗಿಲಲ್ಲಿ ನಡೆಯುವುದಿಲ್ಲ.

ಇಷ್ಟು ಬಿಗಿ ಯಾಕೆ ಎಂಬುದು ಒಳಗೆ ಕೂತ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಮುನ್ನೂರು ಚಿಲ್ಲರೆ ಸೀಟುಗಳ ಈ ರಂಗಮಂದಿರದಲ್ಲಿ ಪ್ರೇಕ್ಷಕರು ರಂಗದ ಮೂರೂ ಕಡೆ ಕೂರುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿರುವಂತೆ ಪರದೆಯ ಚೌಕಟ್ಟಿನಾಚೆ ನಾಟಕ, ಈಚೆ ನಾವು ಎಂಬ ಗೆರೆ ಇಲ್ಲಿಲ್ಲ. ತಡವಾಗಿ ಬಂದವರು ಮೊಬೈಲ್ ಟಾರ್ಚ್ ಹಾಕಿಕೊಂಡು ಸೀಟು ಹುಡುಕಿದರೆ ಆ ಬೆಳಕು ನಟರ ಮುಖಕ್ಕೂ ಎದುರು ಸಾಲಿನವರ ಕಣ್ಣಿಗೂ ನೇರವಾಗಿ ಹೊಡೆಯುತ್ತದೆ. ಬಾಗಿಲಿನ ನಿಯಮ ಬಂದದ್ದು ಶಿಸ್ತಿನ ಹಟಕ್ಕಿಂತ ಕಟ್ಟಡದ ಆಕಾರದಿಂದ ಎನ್ನಬಹುದು. ಮುಂಬೈಯ ಪೃಥ್ವಿ ಥಿಯೇಟರ್ ನೋಡಿದವರಿಗೆ ಈ ಆಕಾರ ಹೊಸದಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. ಅವರ ಹೆಸರಿನಲ್ಲಿ ಪತ್ನಿ, ನಟಿ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ, ಹಣ ಕೂಡಿಸಿ 2004ರಲ್ಲಿ ತೆರೆದ ಜಾಗ ಇದು. ದಿನಕ್ಕೊಂದು ನಾಟಕ, ಸೋಮವಾರ ರಜೆ ಎಂಬ ಪದ್ಧತಿ ಇಂದಿಗೂ ನಡೆದುಬಂದಿದೆ. ವಾರಾಂತ್ಯದಲ್ಲಿ 3.30ಕ್ಕೂ ಒಂದು ಪ್ರದರ್ಶನ ಇರುವುದುಂಟು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಅದೇ ವಾಸಿ, ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು.

ಟಿಕೆಟ್ ಬುಕ್‌ಮೈಶೋದಲ್ಲೂ ಸಿಗುತ್ತದೆ, ಅಲ್ಲಿನ ಕೌಂಟರ್‌ನಲ್ಲೂ ಸಿಗುತ್ತದೆ. ದರ ತಂಡದಿಂದ ತಂಡಕ್ಕೆ ಬೇರೆ. ಹೆಸರಾಂತ ತಂಡ, ಅದರಲ್ಲೂ ಭಾನುವಾರದ ಪ್ರದರ್ಶನ ಆದರೆ ಮೊದಲೇ ತೆಗೆದಿಟ್ಟುಕೊಳ್ಳಿ. ವಾರದ ನಡುವಿನ ಹೊಸ ತಂಡಕ್ಕೆ ಅಷ್ಟು ಗಾಬರಿ ಬೇಡ. ಬುಕ್ ಮಾಡುವ ಮುನ್ನ ವಿವರದಲ್ಲಿ ನಾಲ್ಕು ಸಂಗತಿ ನೋಡಿಕೊಳ್ಳಬೇಕು: ಭಾಷೆ, ಅವಧಿ, ಮಧ್ಯಂತರ ಇದೆಯೋ ಇಲ್ಲವೋ, ಎಷ್ಟು ವಯಸ್ಸಿನ ಮೇಲ್ಪಟ್ಟವರಿಗೆ. ಇವುಗಳಲ್ಲಿ ಜನ ಮರೆಯುವುದು ಮೂರನೆಯದನ್ನು. ಈಗಿನ ಎಷ್ಟೋ ನಾಟಕಗಳು ತೊಂಬತ್ತು, ನೂರು ನಿಮಿಷ ಒಂದೇ ಓಟದಲ್ಲಿ ಸಾಗುತ್ತವೆ. ನಡುವೆ ಎದ್ದು ಹೋದರೆ ಮತ್ತೆ ಒಳಗೆ ಬರುವ ಖಾತ್ರಿಯಿಲ್ಲ. ಎರಡು ಲೋಟ ಕಾಫಿ ಕುಡಿದು ಒಳಗೆ ಹೋಗುವವರು ಮೊದಲು ಶೌಚಾಲಯದ ದಾರಿ ಹಿಡಿಯುವುದು ಕ್ಷೇಮ.

ಟಿಕೆಟ್ ಮೇಲೆ ಸೀಟಿನ ನಂಬರು ಇರುವುದಿಲ್ಲ. ಮೊದಲು ಬಂದವರಿಗೆ ಮೊದಲ ಆಯ್ಕೆ. ಆರು ಜನರ ಗುಂಪಿನಲ್ಲಿ ಇಬ್ಬರು ಮುಂಚೆ ಹೋಗಿ ನಾಲ್ಕು ಸೀಟಿನ ಮೇಲೆ ಕರ್ಚೀಫು, ಬ್ಯಾಗು ಹಾಕಿಡುವುದು ಬಿ.ಎಂ.ಟಿ.ಸಿ. ಬಸ್ಸಿನ ಬುದ್ಧಿ. ಇಲ್ಲಿ ಅದನ್ನು ಮಾಡಿದರೆ ಹಿಂದಿನಿಂದ ಬಂದವರ ಜೊತೆ ಮಾತಿಗೆ ಮಾತು ಬೆಳೆಯುತ್ತದೆ, ಅಷ್ಟೆ. ಎಲ್ಲರೂ ಏಳಕ್ಕೇ ಸೇರಿ ಒಟ್ಟಿಗೆ ಸಾಲಿನಲ್ಲಿ ನಿಲ್ಲಿ.

ಎಲ್ಲಿ ಕೂರಬೇಕು ಎಂಬುದು ನಾಟಕವನ್ನು ನೋಡಿ ತೀರ್ಮಾನಿಸುವ ವಿಷಯ. ಹೊರಗಿನಿಂದ ಬರುವ ತಂಡಗಳು ಸಾಮಾನ್ಯವಾಗಿ ಚೌಕಟ್ಟಿನ ರಂಗಕ್ಕೆಂದೇ ನಾಟಕ ಕಟ್ಟಿರುತ್ತವೆ. ನಟರು ನಡುವಿನ ಸಾಲುಗಳನ್ನೇ ನೋಡಿ ಮಾತಾಡುತ್ತಾರೆ, ಪಕ್ಕದಲ್ಲಿ ಕೂತವರಿಗೆ ಬೆನ್ನು ಮತ್ತು ಕಿವಿಯೇ ಹೆಚ್ಚು ಕಾಣುತ್ತದೆ. ಅಂಥ ನಾಟಕಕ್ಕೆ ನಡುಭಾಗದ ಮೂರರಿಂದ ಐದನೇ ಸಾಲು. ಈ ರಂಗದ ಪಳಗಿಕೆ ಇರುವ ಬೆಂಗಳೂರಿನ ತಂಡವಾದರೆ ಪಕ್ಕದ ಸೀಟೇ ಹೆಚ್ಚು ಮಜಾ. ಇಬ್ಬರು ಎದುರುಬದುರು ನಿಂತು ಜಗಳವಾಡುವಾಗ ಒಬ್ಬನ ಮುಖದ ಮೇಲೆ ಇನ್ನೊಬ್ಬನ ಮಾತು ಬೀಳುವುದು ಅಲ್ಲಿಂದ ಕಂಡಷ್ಟು ಚೆನ್ನಾಗಿ ನಡುವಿನಿಂದ ಕಾಣದು. ಕುಣಿತ, ಗುಂಪಿನ ಚಲನೆ ಹೆಚ್ಚಿರುವ ನಾಟಕಕ್ಕೆ ಹಿಂದಿನ ಸಾಲು ಕೆಟ್ಟದ್ದೆಂದು ಮುಖ ಸಿಂಡರಿಸಬೇಕಿಲ್ಲ. ನೆಲದ ಮೇಲೆ ಮೂಡುವ ವಿನ್ಯಾಸ ಎತ್ತರದಿಂದಲೇ ತಿಳಿಯುವುದು. ಮೊದಲ ಸಾಲು ಮಾತ್ರ ಕಾಲು ಚಾಚುವವರಿಗೆ ಹೇಳಿಸಿದ್ದಲ್ಲ.

ಫೋನು ಆಫ್ ಎಂದರೆ ಆಫ್. ಸೈಲೆಂಟ್ ಸಾಲದು, ಮರದ ಮೇಲೋ ಕೀಲಿಕೈ ಗೊಂಚಲಿನ ಮೇಲೋ ಇಟ್ಟ ಫೋನು ಗುರ್ ಎಂದರೆ ನಾಲ್ಕು ಸಾಲಿಗೆ ಕೇಳುತ್ತದೆ. ಈಚೆಗೆ ಅದಕ್ಕಿಂತ ದೊಡ್ಡ ಕಾಟ ಕೈಗಡಿಯಾರದ್ದು. ಗಲ್ಲ ತುರಿಸಲು ಕೈ ಎತ್ತಿದರೂ ಸ್ಮಾರ್ಟ್‌ವಾಚ್ ಮಿಣ್ಣಗೆ ಬೆಳಗುತ್ತದೆ, ಅದನ್ನೂ ಥಿಯೇಟರ್ ಮೋಡ್‌ಗೆ ಹಾಕಿ. ಬೈಕಿನಲ್ಲಿ ಬಂದವರು ಹೆಲ್ಮೆಟ್ಟನ್ನು ಗಾಡಿಗೇ ಲಾಕ್ ಮಾಡಿ ಬರುವುದು ಒಳ್ಳೆಯದು. ಕಾಲಡಿ ಇಟ್ಟುಕೊಂಡರೆ ಯಾವುದೋ ಮೌನದ ಗಳಿಗೆಯಲ್ಲಿ ಅದು ಕೆಳಗಿನ ಮೆಟ್ಟಿಲಿಗೆ ಉರುಳಿ ನಾಟಕದ ಅತಿ ದೊಡ್ಡ ಸದ್ದು ಅದೇ ಆಗಿಬಿಡುತ್ತದೆ.

ಇನ್ನು ಕ್ಯಾಂಟೀನು. ನಾಟಕ ನೋಡದೆ ಇದಕ್ಕೆಂದೇ ಬರುವವರೂ ಇದ್ದಾರೆ, ಅದರಲ್ಲಿ ಅತಿಶಯೋಕ್ತಿ ಇಲ್ಲ. ಹೆಸರು ಮಾಡಿರುವುದು ಸಾಬುದಾನಿ ವಡೆ ಮತ್ತು ಅಕ್ಕಿರೊಟ್ಟಿ. ಸಾಬುದಾನಿ ವಡೆ ಒಳ್ಳೆಯದಾಗಿದೆಯೋ ಎಂದು ತಿಳಿಯಲು ಮುರಿದು ನೋಡಬೇಕು: ಹೊರಗಿನ ಕಾಳು ಗರಿಗರಿ, ಒಳಗಿನವು ಗಾಜಿನಂತೆ ತಿಳಿಯಾಗಿ ಒಂದಕ್ಕೊಂದು ಅಂಟಿಯೂ ಬೇರೆಬೇರೆಯಾಗಿಯೂ ಇರಬೇಕು, ನಡುನಡುವೆ ಹುರಿದ ಕಡಲೆಕಾಯಿ ಬೀಜದ ತರಿ ಹಲ್ಲಿಗೆ ಸಿಗಬೇಕು. ನೆನೆದದ್ದು ಕಮ್ಮಿಯಾದರೆ ಕಾಳು ಎಣ್ಣೆಯಲ್ಲಿ ಸಿಡಿಯುತ್ತದೆ, ಜಾಸ್ತಿಯಾದರೆ ವಡೆ ಎಣ್ಣೆ ಕುಡಿದು ಮುದ್ದೆಯಾಗುತ್ತದೆ. ಬಿಸಿಯಾಗಿ ಬಂದ ಐದು ನಿಮಿಷದೊಳಗೆ ತಿನ್ನದಿದ್ದರೆ ಅದು ರಬ್ಬರು, ಬೇರೆ ಮಾತಿಲ್ಲ.

ಸಮಯದ ಲೆಕ್ಕ ತಪ್ಪುವುದು ಇಲ್ಲಿಯೇ. ವಡೆ ಒಂದು ಬಾಣಲೆಗೆ ಹತ್ತಾರು ಬೇಯುತ್ತವೆ. ಅಕ್ಕಿರೊಟ್ಟಿ ಹಾಗಲ್ಲ. ತಟ್ಟಬೇಕು, ಮುಚ್ಚಳ ಮುಚ್ಚಿ ಬೇಯಿಸಬೇಕು, ಅಂಚು ಕೆಂಪಾಗುವವರೆಗೆ ಕಾಯಬೇಕು. ಆತುರ ಮಾಡಿದರೆ ನಡುಭಾಗ ಹಸಿಹಸಿ. ನಾಟಕಕ್ಕೆ ಬಂದವರೆಲ್ಲ ಏಳರ ಹೊತ್ತಿಗೆ ಒಮ್ಮೆಗೇ ಮುಗಿಬಿದ್ದಾಗ ಏಳೂ ಹತ್ತರ ಮೇಲೆ ಹೇಳಿದ ಅಕ್ಕಿರೊಟ್ಟಿ ಎರಡನೇ ಬೆಲ್ಲಿಗೆ ಮೇಜಿಗೆ ಬರುತ್ತದೆ. ಆಗ ತಿನ್ನುವವರು ನಾಲಿಗೆ ಸುಟ್ಟುಕೊಳ್ಳುತ್ತಾರೆ, ಬಿಟ್ಟು ಹೋಗುವವರು ನಾಟಕ ಪೂರ್ತಿ ಅದನ್ನೇ ನೆನೆಯುತ್ತಾರೆ. ಆರೂವರೆಗೆ ಬಂದರೆ ರೊಟ್ಟಿ, ಏಳಕ್ಕೆ ಬಂದರೆ ವಡೆ, ಏಳೂಕಾಲಿಗೆ ಬಂದರೆ ಬರೀ ಕಾಫಿ.

ಬಂದು ಸೇರುವ ದಾರಿ ಈಗ ಮೊದಲಿಗಿಂತ ಸಲೀಸು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದ ಮೇಲೆ ರಾಗಿಗುಡ್ಡ ನಿಲ್ದಾಣ ಕೈಗೆಟುಕಿದೆ. ಅಲ್ಲಿಂದ ನಡೆಯಬಹುದು, ಹದಿನೈದು ನಿಮಿಷ ಇಟ್ಟುಕೊಳ್ಳಿ. ಹಸಿರು ಮಾರ್ಗದ ಜೆ.ಪಿ. ನಗರ ನಿಲ್ದಾಣ ಹೆಸರಿಗೆ ಹತ್ತಿರ, ಆದರೆ ಅದಿರುವುದು ಕನಕಪುರ ರಸ್ತೆಯಲ್ಲಿ. ಹೆಸರು ನಂಬಿ ಅಲ್ಲಿ ಇಳಿದವರಿಗೆ ಆಟೋ ಬೇಕೇ ಬೇಕು. ವೈಟ್‌ಫೀಲ್ಡ್ ಕಡೆಯವರು ಮೆಜೆಸ್ಟಿಕ್‌ನಲ್ಲೊಮ್ಮೆ, ಆರ್.ವಿ. ರಸ್ತೆಯಲ್ಲೊಮ್ಮೆ ರೈಲು ಬದಲಿಸಬೇಕು. ನಡಿಗೆಯೂ ಸೇರಿ ಎರಡು ಗಂಟೆ ಹಿಡಿದು ಐದಕ್ಕೆ ಹೊರಟರೆ ವಡೆಗೆ ಸಮಯ ಉಳಿಯುತ್ತದೆ. ಕಾರಿನಲ್ಲಿ ಬರುವವರಿಗೆ ಹೇಳಬೇಕಾದ್ದು ಒಂದೇ: ಬೇಡ. ಸುತ್ತಲೂ ಮನೆಗಳ ಬೀದಿ. ಗೇಟಿನ ಮುಂದೆ ನಿಲ್ಲಿಸಿದರೆ ಮನೆಯವರ ಜೊತೆ ತಕರಾರು, ದೂರ ನಿಲ್ಲಿಸಿದರೆ ಓಟ. ಬರಲೇಬೇಕೆಂದರೆ ಆರ್.ವಿ. ಡೆಂಟಲ್ ಕಾಲೇಜು ಗುರುತಿಟ್ಟುಕೊಂಡು ಆರೂವರೆಯೊಳಗೆ ತಲುಪಿ. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ, ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಇನ್ನೊಂದು ಅರ್ಧ ಗಂಟೆ ಕೂಡಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಇದು ಯಾರಿಗೆ ಸೇರಿದ್ದಲ್ಲ ಎಂಬುದನ್ನೂ ಹೇಳಬೇಕು. ಗೆಳೆಯರ ಗುಂಪು, ಕೈಯಲ್ಲಿ ಗ್ಲಾಸು, ರಂಗದ ಮೇಲಿನವರಿಗೆ ಕೂಗಿ ಉತ್ತರ ಕೊಡುವ ರಾತ್ರಿ ಬೇಕಿದ್ದರೆ ರಂಗಶಂಕರ ನಿರಾಸೆ ಮಾಡುತ್ತದೆ. ಅದು ಬೇರೆಯೇ ಪರಂಪರೆ. ಪಶ್ಚಿಮದಲ್ಲಿ ಅದರ ಹೆಸರು ಬರ್ಲೆಸ್ಕ್. ಇಟಲಿಯ ಬುರ್ಲಾ, ಅಂದರೆ ತಮಾಷೆ, ಆ ಪದದ ಬೇರು. ಗಂಭೀರ ನಾಟಕ, ಒಪೆರಾಗಳನ್ನು ಅಣಕಿಸುವುದೇ ಅದರ ಮೂಲ ಕಸುಬು. 1868ರಲ್ಲಿ ಲಿಡಿಯಾ ಥಾಂಪ್ಸನ್ ತನ್ನ ಇಂಗ್ಲಿಷ್ ತಂಡ ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋದಾಗ ಗಂಡು ವೇಷ ತೊಟ್ಟ ಹೆಂಗಸರು ಪುರಾಣದ ದೇವತೆಗಳನ್ನು ಗೇಲಿ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಬಟ್ಟೆ ಕಳಚುವ ಕುಣಿತ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಒಬ್ಬ ನಿರೂಪಕ, ಒಂದು ಹಾಡು, ಒಂದು ನಗೆ ತುಣುಕು, ಒಂದು ಕಸರತ್ತು, ಮತ್ತೆ ಹಾಡು ಎಂಬ ಕ್ರಮ ನಮಗೆ ತೀರ ಪರಕೀಯವೂ ಅಲ್ಲ. ಕಂಪನಿ ನಾಟಕದಲ್ಲಿ ಪುರಾಣದ ಎರಡು ಸೀನುಗಳ ನಡುವೆ ಹಾಸ್ಯದವನು ನುಗ್ಗುತ್ತಿದ್ದ, ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಎಂದು ಕೂಗುತ್ತಿದ್ದರು, ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗುತ್ತಿತ್ತು ಎಂಬ ತಮಾಷೆಯ ಮಾತೇ ಇದೆ.

ಬೆಂಗಳೂರಿನಲ್ಲಿ ಆ ಬಗೆಯ ಮೇಜು ಹಾಕಿದ ವೆರೈಟಿ ಶೋಗಳು, ಸ್ಟ್ಯಾಂಡ್‌ಅಪ್, ಹೆಣ್ಣುವೇಷದ ಡ್ರ್ಯಾಗ್, ಜಾದೂ, ಹಾಡು ಬೆರೆತವು, ಪಬ್ಬುಗಳಲ್ಲೂ ಹೋಟೆಲುಗಳಲ್ಲೂ ನಡೆಯುತ್ತವೆ. ಅಲ್ಲಿಗೆ ಹೋಗುವವರು ಬುಕ್ ಮಾಡುವ ಮೊದಲು ಫೋನು ಮಾಡಿ ಕೇಳಬೇಕಾದ್ದಿಷ್ಟು. ಕೊಡುವ ಹಣ ಎಂಟ್ರಿಯೋ ಕವರ್ ಚಾರ್ಜೋ? ಕವರ್ ಆದರೆ ಬಿಲ್ಲಿನಲ್ಲಿ ಕಳೆಯುತ್ತಾರೆ, ಎಂಟ್ರಿ ಆದರೆ ಹೋದದ್ದು ಹೋಯಿತು. ಊಟಕ್ಕೂ ಕಳೆಯುತ್ತಾರೋ ಬರೀ ಡ್ರಿಂಕ್ಸಿಗೋ? ಮೇಜು ನಮಗೇ ಮೀಸಲೋ ಅಪರಿಚಿತರ ಜೊತೆ ಹಂಚಿಕೊಳ್ಳಬೇಕೋ? ಕಂಬದ ಹಿಂದೆ ಅಲ್ಲ ತಾನೆ? ಹಾಕಿರುವ ಸಮಯ ಗೇಟು ತೆಗೆಯುವುದೋ ಶೋ ಶುರುವಾಗುವುದೋ? ಮುಂದಿನ ಮೇಜು ತೆಗೆದುಕೊಂಡರೆ ನಿರೂಪಕರ ಬಾಯಿಗೆ ನೀವೇ ಮೊದಲ ತುತ್ತು. ಸಂಕೋಚದವರು ಮೂರನೇ ಮೇಜಿನಾಚೆ ಕೂರಲಿ. 21 ತುಂಬಿದ ಗುರುತಿನ ಚೀಟಿ ಬಾಗಿಲಲ್ಲೇ ಕೇಳುತ್ತಾರೆ. ಊಟದ ಬಿಲ್ಲಿಗೆ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿ.ಎಸ್.ಟಿ. ಶೇ. 5, ದೊಡ್ಡ ಹೋಟೆಲುಗಳೊಳಗೆ ಶೇ. 18. ಸರ್ವಿಸ್ ಚಾರ್ಜ್ ಮಾತ್ರ ಕಡ್ಡಾಯವಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಹಾಗೆಂದೇ ಹೇಳಿದೆ, ತೆಗೆಯಿರಿ ಎಂದು ಕೇಳಲು ನಾಚಿಕೆ ಬೇಡ. ಬಯಲಿನಲ್ಲಿ ನಡೆಯುವ ಶೋ ಆದರೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ಅದಕ್ಕೇ ಅವು ಸಂಜೆ ಬೇಗ ಶುರುವಾಗುತ್ತವೆ, ತಡವಾಗಿ ಹೋದರೆ ಅರ್ಧಂಬರ್ಧ.

ಎರಡರ ಖರ್ಚು ಹೋಲಿಸಿದರೆ ಗೆಲ್ಲುವುದು ರಂಗಶಂಕರವೇ. ಇಬ್ಬರ ಟಿಕೆಟ್, ವಡೆ, ಕಾಫಿ, ಮೆಟ್ರೊ ಎಲ್ಲ ಸೇರಿಸಿದರೂ ಪಬ್ಬಿನ ಒಂದು ಕವರ್ ಚಾರ್ಜಿನ ಹತ್ತಿರ ಬಂದರೆ ಹೆಚ್ಚು.

ವಾಪಸು ಹೋಗುವ ಲೆಕ್ಕವನ್ನು ನಾಟಕದ ಅವಧಿಯೇ ತೀರ್ಮಾನಿಸುತ್ತದೆ. ತೊಂಬತ್ತು ನಿಮಿಷದ್ದು ಒಂಬತ್ತಕ್ಕೆ ಮುಗಿಯುತ್ತದೆ, ಮಧ್ಯಂತರ ಇರುವ ಎರಡೂವರೆ ಗಂಟೆಯದ್ದು ಹತ್ತಕ್ಕೆ. ಈ ಒಂದು ಗಂಟೆಯ ವ್ಯತ್ಯಾಸಕ್ಕೆ ಬೆಲೆ ಇದೆ. 2025ರ ಆಗಸ್ಟ್ 1ರಿಂದ ಆಟೋ ಮೀಟರು ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರ ನಂತರ ಒನ್ ಅಂಡ್ ಹಾಫ್. ಆರು ಕಿಲೋಮೀಟರ್ ದೂರದ ಮನೆಗೆ ಒಂಬತ್ತೂವರೆಗೆ 108 ಆಗುವುದು ಹತ್ತೂ ಐದಕ್ಕೆ 162. ಮೀಟರು ಹಾಕಿದರೆ, ಎಂಬ ಮಾತನ್ನು ಸೇರಿಸಿಕೊಂಡೇ ಓದಿ. ಮುನ್ನೂರು ಜನ ಒಟ್ಟಿಗೆ ಹೊರಬಂದು ಒಟ್ಟಿಗೇ ಆ್ಯಪ್ ತೆರೆಯುವುದರಿಂದ ಗೇಟಿನ ಮುಂದೆ ದರ ಏರುತ್ತದೆ. ಎರಡು ಬೀದಿ ನಡೆದು ಹೋಗಿ ಬುಕ್ ಮಾಡಿದರೆ ಗಾಡಿ ಬೇಗ ಸಿಗುವ ಸಾಧ್ಯತೆ ಹೆಚ್ಚು. ಮೆಟ್ರೊ ನೆಚ್ಚಿದವರು ಕೊನೆಯ ರೈಲಿನ ಹೊತ್ತನ್ನು ಬರುವಾಗಲೇ ನಿಲ್ದಾಣದಲ್ಲಿ ನೋಡಿಕೊಂಡಿರಬೇಕು.

ಹೊಟ್ಟೆ ಇನ್ನೂ ಹಸಿದಿದ್ದರೆ ಹತ್ತಿರದ ದರ್ಶಿನಿಗಳು ಆ ಹೊತ್ತಿಗೆ ಕುರ್ಚಿ ಮೇಲೆತ್ತಿ ನೆಲ ಒರೆಸುತ್ತಿರುತ್ತವೆ. ಆರ್.ವಿ. ರಸ್ತೆ ದಾಟಿ ಸಜ್ಜನ್‌ರಾವ್ ಸರ್ಕಲ್ ಬಳಿಯ ತಿಂಡಿಬೀದಿ ತಡರಾತ್ರಿಯವರೆಗೂ ಎಚ್ಚರ. ಡಿಸೆಂಬರ್-ಜನವರಿಯಲ್ಲಿ ಹೋದರೆ ಅವರೆಬೇಳೆ ದೋಸೆ ಕೇಳಿ, ಬೆಣ್ಣೆ ಬೇಡ ಅನ್ನಿ, ಅವರೆಯ ಸೊಗಡು ಮುಚ್ಚಿಹೋಗುತ್ತದೆ.